ಗಾಳಿಬೀಡಿನಲ್ಲಿ ಗಾಳಿಯಾಡದ ಪೆಟ್ಟಿಗೆ

"ಇನ್ನು ಹದಿನೈದೇ ದಿನ! ಈ ಬೆಟ್ಟದಲ್ಲಿ ಕೂತು ನಾನು ಸ್ವಿಚ್ ಒತ್ತಿದರೆ ಆ ಬೆಟ್ಟದವರ ಎದೆ ನಡುಗಬೇಕು. ನಡುಗದಿದ್ದರೆ ನನ್ನ ಹೆಸರು ದಿವ್ಯ ಅಲ್ಲ!"

ಈ ಭೀಷ್ಮ ಪ್ರತಿಜ್ಞೆ ನಡೆದದ್ದು ಹಸ್ತಿನಾವತಿಯಲ್ಲಲ್ಲ, ಸುಂಟಿಕೊಪ್ಪದಲ್ಲಿ. ನಾದಿನಿ ದೀಕ್ಷಿತಾಳ ಮನೆಯ ಸೋಫಾದ ಮೇಲೆ, ನನ್ನ ಒಂದು ಕೈಯಲ್ಲಿ ಚಕ್ಕುಲಿ, ಇನ್ನೊಂದರಲ್ಲಿ ಕಾಫಿ ಲೋಟ ಇದ್ದಾಗ. ಕಾರಣ, ಅವಳ ಗಂಡ ಧರ್ಮೇಶ. ಆತ ಮೈಸೂರಿನಿಂದ ಹೋಮ್ ಥಿಯೇಟರ್ ತರಿಸಿದ್ದ. ಮೂಲೆಯಲ್ಲಿ ಎಮ್ಮೆಕರುವಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ರಿಮೋಟ್ ಒತ್ತಿದ್ದೇ ತಡ, ನನ್ನ ಲೋಟದ ಕಾಫಿಯಲ್ಲಿ ಅಲೆ ಎದ್ದಿತು. ಮೇಲಿನ ಹಲ್ಲುಗಳು ಕೆಳಗಿನ ಹಲ್ಲುಗಳ ಕುಶಲ ವಿಚಾರಿಸಿದವು.

"ಇದನ್ನು ಮನೆಯಲ್ಲೇ ಮಾಡ್ಬಹುದಲ್ವಾ ಧರ್ಮೇಶ್?" ಎಂದೆ. "ಒಂದು ಪೆಟ್ಟಿಗೆ, ಒಂದು ಸ್ಪೀಕರ್. ಇನ್ನೆಂತ ಉಂಟು?"

ಧರ್ಮೇಶ ನಕ್ಕ. ಆ ನಗುವಿನಲ್ಲೂ ಬೇಸ್ ಇತ್ತು. "ಅಕ್ಕಾ, ಇದು ಉಪ್ಪಿನಕಾಯಿ ಭರಣಿ ಅಲ್ಲ. ಸಬ್‌ವೂಫರ್ ಪೆಟ್ಟಿಗೆ ಡಿಸೈನ್ ಮಾಡೋದು ಅಂದ್ರೆ ಫಿಸಿಕ್ಸು. ಹೆಂಗಸರು ಬೇಕಾದ್ರೆ ಅದ್ರ ಧೂಳು ಒರಸ್ಬಹುದು."

ಸಾಕಲ್ಲ! ಮಡಿಕೇರಿಯ ಕಾನ್ವೆಂಟಿನಲ್ಲಿ ಹತ್ತು ವರ್ಷ ಸಿಸ್ಟರ್ ಆಗ್ನೆಸ್ ಕೈಕೆಳಗೆ ಘನಫಲ ಕಲಿತವಳು ನಾನು. ಉದ್ದ ಇಂಟು ಅಗಲ ಇಂಟು ಎತ್ತರ. ಉತ್ತರ ತಪ್ಪಿದರೆ ಸ್ಕೇಲ್ ಇಂಟು ಮಣಿಗಂಟು! ಇಂಥ ತಪಸ್ಸು ಮಾಡಿದವಳಿಗೆ ಧೂಳು ಒರೆಸುವ ಕೆಲಸವೇ? ಚಕ್ಕುಲಿಯನ್ನು ಕಟುಮ್ ಎಂದು ಕಡಿದು ಶಪಥ ಮಾಡಿದೆ. ಅದರ ಸದ್ದಿನಲ್ಲಿ ಬೇಸ್ ಇರಲಿಲ್ಲ ಅನ್ನುವುದೊಂದು ಕೊರತೆ.

ಗಾಳಿಬೀಡಿನ ಮನೆಗೆ ಬಂದವಳೇ ಕಾಫಿ ಕಣದ ಮೂಲೆಯಲ್ಲಿ ಕುರ್ಚಿ ಹಾಕಿ ಕೂತೆ. ಕಣದ ತುಂಬ ಕಾಫಿ ಒಣಗುತ್ತಿತ್ತು, ಕೈಯಲ್ಲಿ ಮೊಬೈಲು ಬಿಸಿಯಾಗುತ್ತಿತ್ತು. ನಾಲ್ಕು ದಿನದಲ್ಲಿ ನಾನು ತಿಳಿದುಕೊಂಡದ್ದು ಇಷ್ಟು: ಬೇಸ್ ಪೆಟ್ಟಿಗೆಗಳಲ್ಲಿ ಎರಡು ಜಾತಿ. ಒಂದು, ತೂತು ಇರುವುದು. ಇದು ನಮ್ಮ ಪಕ್ಕದ ತೋಟದ ಪೊನ್ನಮ್ಮಕ್ಕನ ಹಾಗೆ, ಸದ್ದು ಜೋರು, ಆದರೆ ಒಮ್ಮೆ ಶುರುವಾದರೆ ಎಲ್ಲಿ ನಿಲ್ಲಬೇಕೆಂದು ಅದಕ್ಕೇ ಗೊತ್ತಿರುವುದಿಲ್ಲ. ಇನ್ನೊಂದು, ಪೂರ್ತಿ ಮುಚ್ಚಿ ಸೀಲ್ ಮಾಡಿದ್ದು. ಇದು ನನ್ನ ಗಂಡ ತೀರ್ಥಪ್ರಸಾದರ ಹಾಗೆ. ಮಾತು ಕಡಿಮೆ, ಆಡಿದರೆ ಆಳ, ಹೇಳಿದ್ದನ್ನು ಹೇಳಿ ಟಕ್ ಎಂದು ನಿಲ್ಲಿಸುತ್ತದೆ. ಒಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗ್ ಆಗಿ ಸ್ಪೀಕರನ್ನು ಹಿಂದಕ್ಕೆ ತಳ್ಳುತ್ತದೆ. ಪೆಟ್ಟಿಗೆ ಚಿಕ್ಕದಾದರೆ ಗುಂಯ್ ಅನ್ನುತ್ತದೆ, ದೊಡ್ಡದಾದರೆ ಸಡಿಲವಾಗುತ್ತದೆ. ಸೂಜಿಮೊನೆಯಷ್ಟು ಸಂದು ಬಿಟ್ಟರೂ ಬುಸ್ ಅನ್ನುತ್ತದೆ. ಸಂಸಾರದ ಗುಟ್ಟು ಕೂಡ ಹೀಗೇ ಅಲ್ಲವೇ?

"ಅರವತ್ತೆಂಟು ಲೀಟರ್ ಬೇಕು ರೀ," ಎಂದೆ, ಕಣದಲ್ಲಿ ಕಾಫಿ ಹರಡುತ್ತಿದ್ದ ಗಂಡನಿಗೆ.

"ಎಂತದು, ಡೀಸಲ್ಲಾ?"

"ಗಾಳಿ."

ಅವರು ಕಾಫಿ ಎಳೆಯುವ ಹಲುಬೆಯನ್ನು ನೆಲಕ್ಕೂರಿ ನನ್ನನ್ನು ನೋಡಿದರು. "ನಮ್ಮೂರ ಹೆಸರೇ ಗಾಳಿಬೀಡು ಮಾರಾಯ್ತಿ. ಅಂಗಳದಲ್ಲಿ ನಿಂತ್ರೆ ಬೇಕಾದಷ್ಟು ಸಿಗ್ತದೆ. ಸೀರೆ ಗಟ್ಟಿ ಹಿಡ್ಕೋ."

"ಅದು ಬಿಟ್ಟಿ ಗಾಳಿ. ನನಗೆ ಬೇಕಾದದ್ದು ಬಂಧಿಸಿದ ಗಾಳಿ!"

"ಪಾಪ, ಅದೆಂತ ತಪ್ಪು ಮಾಡಿತ್ತು?"

ಇಂಥವರ ಜತೆ ಇಪ್ಪತ್ತೇಳು ವರ್ಷ ಬಾಳಿದ್ದೇನೆ. ಬೇಸ್ ಇಲ್ಲದ ಮನೆಯಲ್ಲಿ ಉಳಿಯುವುದು ಬೇಸರವೊಂದೇ!

ಹನ್ನೆರಡಿಂಚಿನ ಸ್ಪೀಕರು ಕೊರಿಯರಿನಲ್ಲಿ ಬಂತು. ಆಂಪ್ಲಿಫೈಯರ್ ಬಂತು. ಒಳಗೆ ತುಂಬಲು ಹಳೆಯ ಎರಡು ದಿಂಬಿನ ಹತ್ತಿ ಬಂತು. ಅವತ್ತಿನಿಂದ ನನ್ನ ಗಂಡ ಟವಲು ಸುತ್ತಿಕೊಂಡು ತಲೆಗಿಟ್ಟು ಮಲಗುತ್ತಾರೆ. ಬಾರದಿದ್ದದ್ದು ಮರ ಮಾತ್ರ. ಆಚಾರಿ ಅಶ್ವಥ್ ನಾನು ಬರೆದಿದ್ದ ನಕ್ಷೆಯನ್ನು ತಲೆಕೆಳಗು ಮಾಡಿ, ಮತ್ತೆ ನೆಟ್ಟಗೆ ಮಾಡಿ ನೋಡಿದ.

"ಪ್ಲೈವುಡ್ ಆಗ್ಲಿಕ್ಕಿಲ್ಲ ಅಕ್ಕಾ. ಜೂನ್ ತಿಂಗಳಲ್ಲಿ ಹಪ್ಪಳ ಆಗ್ತದೆ. ಗಾಳಿ ಹೋಗ್ಬಾರ್ದು ಅಂದ್ರೆ ಹಲಸು ಬೇಕು. ಹಳೇ ಹಲಸು. ಐವತ್ತು ಅರವತ್ತು ವರ್ಷ ಒಣಗಿ ಕಬ್ಬಿಣ ಆಗಿರ್ಬೇಕು. ಅಂಥದ್ದು ಈಗ ಎಲ್ಲಿ ಸಿಗ್ತದೆ?"

ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾ ಅವನು ತಿರುಗಿ ನೋಡಿದ. ನಾನೂ ತಿರುಗಿ ನೋಡಿದೆ. ಇಬ್ಬರ ಕಣ್ಣೂ ಒಂದೇ ಕಡೆ ನಿಂತವು.

ನಡುಮನೆಯ ಒಳಕೋಣೆಯಲ್ಲಿ ಅತ್ತೆಯ ಪತ್ತಾಯ ಇತ್ತು.

ಪತ್ತಾಯ ಅಂದರೆ ಭತ್ತ, ಅಕ್ಕಿ ತುಂಬಿಡುವ ಮರದ ದೊಡ್ಡ ಪೆಟ್ಟಿಗೆ. ಐದಡಿ ಉದ್ದ, ಮೂರಡಿ ಎತ್ತರ. ಅತ್ತೆ ಕಾವೇರಮ್ಮ ಅರವತ್ತು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಅವರ ಅಪ್ಪ ಆರು ಜನರ ಹೆಗಲ ಮೇಲೆ ಹೊರಿಸಿ ಕಳಿಸಿದ್ದು. ಇಲಿ ಹೋಗದು, ಇರುವೆ ಹೋಗದು, ಗಾಳಿಯಂತೂ ಹೋಗುವ ಪ್ರಶ್ನೆಯೇ ಇಲ್ಲ. ಈಗ ಅಕ್ಕಿಯೆಲ್ಲ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ವರ್ಗವಾಗಿ ಪತ್ತಾಯ ಖಾಲಿ. ಆದರೆ ಅದು ಅತ್ತೆಯ ಸಿಂಹಾಸನ. ಮಧ್ಯಾಹ್ನ ಊಟವಾದ ಮೇಲೆ ಮೊದಲು ಎಲೆಯಡಿಕೆ ಚೀಲವನ್ನು ಅದರ ಮೇಲಿಡುತ್ತಾರೆ. ಆಮೇಲೆ ತಾವು ಕೂರುತ್ತಾರೆ. ಅಲ್ಲಿಂದಲೇ ಮನೆಯ ಆಡಳಿತ, ಊರಿನ ವಿಚಾರಣೆ, ಸೊಸೆಯ ಶಿಕ್ಷೆ.

ಆ ಸೋಮವಾರವಷ್ಟೇ ಅತ್ತೆ ಮಗಳ ಮನೆಗೆಂದು ಸುಂಟಿಕೊಪ್ಪಕ್ಕೆ ಹೋಗಿದ್ದರು. ಭಾನುವಾರ ಸಂಜೆ ವಾಪಸು.

"ಅಜ್ಜಿಗೆ ಹೇಳಿದ್ದೀರಾ ಅಕ್ಕಾ?" ಅಶ್ವಥ್ ಕೇಳಿದ.

"ಹೇಳ್ತೇನೆ," ಎಂದೆ.

ಅವನು ಕೇಳಿದ ಭೂತಕಾಲಕ್ಕೂ ನಾನು ಹೇಳಿದ ಭವಿಷ್ಯತ್ತಿಗೂ ನಡುವೆ ಗರಗಸ ಓಡಿತು. ಮುಚ್ಚಳ ಮತ್ತು ಮುಂಬದಿಯ ಹಲಗೆ, ಇಷ್ಟೇ ನಾನು ತೆಗೆದದ್ದು. ಉಳಿದ ಮೂರು ಬದಿ ಮತ್ತು ತಳವನ್ನು ಮುಟ್ಟಲೇ ಇಲ್ಲ ಎಂಬುದನ್ನು ನನ್ನ ಪರವಾಗಿ ದಯವಿಟ್ಟು ಬರೆದುಕೊಳ್ಳಿ. ಅಸ್ಥಿಪಂಜರದ ಮೇಲೆ ಹೂವಿನ ಬೆಡ್‌ಶೀಟ್ ಹೊದಿಸಿದೆ. ನೋಡಿದವರಿಗೆ ಪತ್ತಾಯ ಹಾಗೇ ಇದೆ ಅನ್ನಿಸಬೇಕು.

"ಅಮ್ಮ ನಿನ್ನ ಚರ್ಮ ಸುಲಿತಾರೆ," ಎಂದರು ಗಂಡ.

"ಇಲ್ಲ. ಅದಕ್ಕೊಂದು ಯೋಜನೆ ಉಂಟು. ಭಾನುವಾರ ಹನ್ನೊಂದು ಗಂಟೆಗೆ ಊರವರನ್ನೆಲ್ಲ ಕರೀತೇನೆ. ಎಲ್ಲ ಬೇಸ್ ಕೇಳ್ತಾರೆ. ಆಹಾ ಅಂತಾರೆ. ಸಂಜೆ ಅತ್ತೆ ಬರುವಾಗ ಅವರ ಸೊಸೆ ಊರಿಗೇ ಹೆಸರುವಾಸಿ. ಊರು ಹೊಗಳಿದವಳನ್ನು ಅತ್ತೆ ಹೇಗೆ ಬೈತಾರೆ?"

"ನನ್ನ ಅಮ್ಮನ ಪರಿಚಯ ನಿನಗೆ ಇನ್ನೂ ಆಗಿಲ್ಲ."

ಹೀಗೆ ನನ್ನ ಇಡೀ ಬದುಕು ಭಾನುವಾರ ಹನ್ನೊಂದು ಗಂಟೆಯ ಮೇಲೆ ನಿಂತಿತು. ಕರೆಯಲು ಮನೆಮನೆಗೂ ಹೋದೆ. ಪೊನ್ನಮ್ಮಕ್ಕ ಕೈ ಹಿಡಿದುಕೊಂಡು, "ಅಯ್ಯೋ ದಿವ್ಯಾ, ಬರ್ಬೇಕಂತ ಭಾರಿ ಆಸೆ. ಆದ್ರೆ ಭಾನುವಾರವೇ ಕಾಫಿ ಪಿಕ್ಕಿಂಗ್‌ಗೆ ಜನ ಸಿಗೋದು," ಎಂದರು. ಒಬ್ಬರಿಗೆ ಕಾಲು ಗಂಟು ನೋವು. ಇನ್ನೊಬ್ಬರಿಗೆ ಗೃಹಪ್ರವೇಶ. ಮತ್ತೊಬ್ಬರ ದನ ಅದೇ ಭಾನುವಾರ ಕರು ಹಾಕುವುದಾಗಿ ಮೊದಲೇ ನಿಶ್ಚಯಿಸಿಬಿಟ್ಟಿತ್ತು. ಕೊನೆಗೆ ಕುಶಾಲಪ್ಪ ಮಾವನ ಮನೆ. ಇವರು ನಮ್ಮ ಗುಡ್ಡದ ಹಿರಿಯರು, ಹೆಸರಾಂತ ಬೇಟೆಗಾರರ ಮನೆತನ, ಹೆಸರಿನಲ್ಲಿ ಬಿಟ್ಟರೆ ಮತ್ತೆಲ್ಲೂ ಕುಶಾಲು ಇಲ್ಲದ ಮನುಷ್ಯ.

"ಸದ್ದು ಕೇಳ್ಲಿಕ್ಕೆ ಅಷ್ಟು ದೂರ ಯಾಕೆ ಬರೋದು?" ಎಂದರು ಮೀಸೆ ತಿರುವುತ್ತಾ. "ನಿಜವಾಗ್ಲೂ ಜೋರಿದ್ರೆ ನಮ್ಮನೆಗೇ ಕೇಳ್ತದೆ."

ಒಬ್ಬರೂ ಬರುವುದಿಲ್ಲ! ಬೇಸ್ ತಯಾರು, ಸೊಸೆ ತಯಾರು, ಸಾಕ್ಷಿ ಮಾತ್ರ ಇಲ್ಲ.

ಭಾನುವಾರ ಬಂತು. ಗಂಡ ಹಂದಿ ಮಾಂಸ ತರಲು ಮಡಿಕೇರಿಗೆ ಹೋದರು. ನಾನು ಕೊನೆಯ ಸಂದಿಗೆ ಸಿಲಿಕೋನ್ ಅಂಟು ಮೆತ್ತಿ, ಸ್ಪೀಕರಿನ ಎಂಟು ಸ್ಕ್ರೂ ಬಿಗಿದು, ಅದರ ಎದೆಯನ್ನು ಬೆರಳಿನಿಂದ ಮೆಲ್ಲನೆ ಒತ್ತಿ ಬಿಟ್ಟೆ. ಅದು ರಾಜಗಾಂಭೀರ್ಯದಿಂದ, ನಿಧಾನವಾಗಿ ಹಿಂದಕ್ಕೆ ಬಂತು. ಗಾಳಿ ಸೋರುತ್ತಿಲ್ಲ ಎಂಬುದಕ್ಕೆ ಅದೇ ಗುರುತು. ಸಿಸ್ಟರ್ ಆಗ್ನೆಸ್ ಬದುಕಿದ್ದರೆ ಅವತ್ತು ಸ್ಕೇಲನ್ನು ನನಗೆ ಕಾಣಿಕೆಯಾಗಿ ಕೊಟ್ಟುಬಿಡುತ್ತಿದ್ದರು.

ಪರೀಕ್ಷೆಗೆಂದು ಮೊಬೈಲಿನಲ್ಲಿ ಒಂದು ರೆಕಾರ್ಡಿಂಗ್ ಇಳಿಸಿಕೊಂಡಿದ್ದೆ. ಯಾವುದೋ ದೇಶದ ಕೋಟೆಯಲ್ಲಿ ತೋಪು ಹಾರಿಸಿದ್ದು. ಬೇಸ್ ಪರೀಕ್ಷೆಗೆ ಇದಕ್ಕಿಂತ ಕಠಿಣವಾದದ್ದು ಇಲ್ಲವಂತೆ. ಗಾಜು ಒಡೆಯದಿರಲೆಂದು ಕಣಿವೆಯ ಕಡೆಯ ಕಿಟಕಿಗಳನ್ನೆಲ್ಲ ತೆರೆದೆ. ವಾಲ್ಯೂಮನ್ನು ತುತ್ತತುದಿಗೆ ತಿರುಗಿಸಿದೆ. ದೇವರ ಫೋಟೋಗೆ ಕೈ ಮುಗಿದು ಬಟನ್ ಒತ್ತಿದೆ.

ಢಂ!

ಫೋಟೋದ ದೇವರು ಮುಖ ತಿರುಗಿಸಿ ಗೋಡೆ ನೋಡಿದ. ಹಂಚಿನಿಂದ ಐದು ವರ್ಷದ ಧೂಳು ಇಳಿಯಿತು. ಕಾಡು ಒಂದು ಕ್ಷಣ ಗಪ್‌ಚಿಪ್.

ಢಂ!

ಎರಡನೆಯದು ಕಣಿವೆಗೆ ಬಿದ್ದು, ಎದುರು ಬೆಟ್ಟಕ್ಕೆ ಬಡಿದು, ನನಗೆ ಸಲಾಮು ಹೊಡೆಯಲು ತಿರುಗಿ ಬಂತು. ಅಷ್ಟರಲ್ಲಿ ಫ್ಯೂಸ್ ಹೋಯಿತು. ಹೋಗಲಿ ಬಿಡಿ! ಎರಡೇ ಸಾಕು. ಆನಂದದಿಂದ ಒಬ್ಬಳೇ ಕುಣಿದೆ.

ಕೊಡಗಿನ ಓದುಗರು ಈಗಾಗಲೇ ತಲೆ ಚಚ್ಚಿಕೊಂಡಿರಬಹುದು. ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಮನೆಯಲ್ಲಿ ಸಾವಾದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಕೋವಿಯಿಂದ ಗುಂಡು ಹಾರಿಸುತ್ತಾರೆ. ಒಂದರ ಹಿಂದೆ ಒಂದು, ಎರಡು. ಕೇಳಿದವರು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು, ಬಿಳಿ ಬಟ್ಟೆ ಉಟ್ಟು ಹೊರಡುತ್ತಾರೆ. ಸತ್ತದ್ದು ಯಾರು ಅನ್ನುವುದನ್ನು ದಾರಿಯಲ್ಲಿ ಮಾತಾಡಿಕೊಂಡರಾಯಿತು. ಹುಟ್ಟಿದಾಗಿನಿಂದ ಕೇಳುತ್ತಾ ಬಂದ ಈ ಲೆಕ್ಕ, ಅರವತ್ತೆಂಟು ಲೀಟರಿನ ಲೆಕ್ಕದಲ್ಲಿ ಮುಳುಗಿದ್ದ ನನ್ನ ತಲೆಗೆ ಹೊಳೆಯಲೇ ಇಲ್ಲ!

ಮುಕ್ಕಾಲು ಗಂಟೆಯೊಳಗೆ ಅಂಗಳಕ್ಕೆ ಮೊದಲ ಜೀಪು ಬಂತು. ಹಿಂದೆ ಇನ್ನೆರಡು. ಒಂದು ಪಿಕಪ್. ನಡೆದು ಬಂದವರು ಬೇರೆ. ಇಣುಕಿ ನೋಡಿದೆ. ಪೊನ್ನಮ್ಮಕ್ಕ! ಕಾಲು ಗಂಟಿನವರು! ಗೃಹಪ್ರವೇಶದವರು! ಕುಶಾಲಪ್ಪ ಮಾವ! ಎಲ್ಲರೂ ಒಗೆದು ಮಡಚಿಟ್ಟ ಬಿಳಿ ಬಟ್ಟೆಯಲ್ಲಿ. ಅಬ್ಬಾ, ಸಂಗೀತ ಕೇಳಲು ಬರುವಾಗ ಹೇಗೆ ಬರಬೇಕೆಂದು ಈ ಜನಕ್ಕೆ ಯಾರು ಕಲಿಸಿದರು! ಬರುವುದಿಲ್ಲ ಎಂದಿದ್ದಕ್ಕೆ ನಾಚಿಕೆಯಾಗಿ ಬಂದಿದ್ದಾರೆ ಎಂದುಕೊಂಡು ಮೂವತ್ತೆರಡು ಹಲ್ಲನ್ನೂ ಬಿಟ್ಟು ಓಡಿದೆ.

"ಬನ್ನಿ, ಬನ್ನಿ! ನೀವೆಲ್ಲ ಬಂದದ್ದು ಎಷ್ಟು ಖುಷಿ ಆಯ್ತು ಗೊತ್ತಾ! ಕೇಳಿಸ್ತಾ ಅಲ್ಲಿಗೆ?"

ಪೊನ್ನಮ್ಮಕ್ಕ ಕಣ್ಣಿಗೆ ಒತ್ತಿದ್ದ ಸೆರಗನ್ನು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕೇಳ್ತು," ಎಂದರು ಕುಶಾಲಪ್ಪ ಮಾವ ಟೋಪಿ ತೆಗೆದು. "ಯಾವಾಗ ಆಯ್ತು?"

"ಈಗಷ್ಟೇ ಮಾವ, ಹತ್ತು ಗಂಟೆಗೆ. ಎರಡು ವಾರದಿಂದ ಇದಕ್ಕೇ ಕಾಯ್ತಿದ್ದೆ! ಊಟ ನಿದ್ದೆ ಬಿಟ್ಟಿದ್ದೆ!"

"ಎರಡು ವಾರದಿಂದ..." ಯಾರೋ ಹಿಂದೆ ಪಿಸುಗುಟ್ಟಿದರು. "ಕೇಳಿದ್ರಾ?"

"ಕಷ್ಟ ಏನೂ ಆಗ್ಲಿಲ್ಲವಾ?" ಪೊನ್ನಮ್ಮಕ್ಕ ಕೇಳಿದರು.

"ಒಂಚೂರೂ ಇಲ್ಲ! ಸಲೀಸಾಗಿ ಆಗಿಹೋಯ್ತು. ಎಲ್ಲ ನಾನೊಬ್ಬಳೇ ಮಾಡಿದ್ದು. ಇವರು ಇರ್ಲೂ ಇಲ್ಲ, ಹಂದಿ ತರ್ಲಿಕ್ಕೆ ಹೋಗಿದ್ದಾರೆ. ಬನ್ನಿ, ಒಳಗೆ ಬಂದು ಪೆಟ್ಟಿಗೆ ನೋಡಿ. ಹತ್ತಿ ತುಂಬಿ, ಮುಚ್ಚಿ, ಒಂದು ಉಸಿರು ಗಾಳಿ ಆಡದ ಹಾಗೆ ಸೀಲ್ ಮಾಡಿದ್ದೇನೆ!"

"ಪೆಟ್ಟಿಗೆಯೊಳಗೆ ಹಾಕಿಬಿಟ್ಯಾ?" ಪೊನ್ನಮ್ಮಕ್ಕ ಎದೆ ಹಿಡಿದುಕೊಂಡರು. "ಕಾನ್ವೆಂಟಿಗೆ ಕಳಿಸ್ಬೇಡಿ ಅಂತ ಇವಳ ಅಪ್ಪನಿಗೆ ಅವತ್ತೇ ಹೇಳಿದ್ದೆ!"

"ನಮ್ಮ ಪದ್ಧತಿ ಅಂತ ಒಂದು ಉಂಟಲ್ಲ ಮಗಳೇ," ಎಂದರು ಕುಶಾಲಪ್ಪ ಮಾವ, ಸಿಟ್ಟನ್ನು ನುಂಗಿಕೊಂಡು. "ಮಗ ಬರೋದಕ್ಕಾದ್ರೂ ಕಾಯ್ಬೇಕಿತ್ತು. ಅತ್ತೆಯನ್ನು ಹೊರಗೆ ತೆಗಿ. ನಾವು ಮುಖ ನೋಡ್ಬೇಕು."

"ಅತ್ತೆಯನ್ನಾ?"

ಆಗ ನನ್ನ ತಲೆಯೊಳಗೆ ಮೂರನೆಯ ಗುಂಡು ಹಾರಿತು. ಎರಡು ಢಂ. ಬಿಳಿ ಬಟ್ಟೆ. ಪೊನ್ನಮ್ಮಕ್ಕನ ಕೈಯಲ್ಲಿ ಸೇವಂತಿಗೆ ಹಾರ. ಅಲ್ಲಿ ನಿಂತಿದ್ದ ನಲವತ್ತು ಜನರ ಎದುರು ಅತ್ತೆ ಸತ್ತದ್ದಕ್ಕೆ ಹಲ್ಲುಬಿಟ್ಟು ಸ್ವಾಗತ ಕೋರಿದ ಸೊಸೆ ನಾನು!

"ಅಯ್ಯೋ ರಾಮಾ! ಅತ್ತೆ ಸತ್ತಿಲ್ಲ! ಸುಂಟಿಕೊಪ್ಪದಲ್ಲಿ ಮಗಳ ಮನೆಯಲ್ಲಿ ಮೀನು ಸಾರು ಉಣ್ತಿದ್ದಾರೆ! ಅದು ಗುಂಡಲ್ಲ, ಬೇಸ್! ಸ್ಪೀಕರ್!"

ನಂಬಿಸಲು ಹತ್ತು ನಿಮಿಷ ಹಿಡಿಯಿತು. ಎಲ್ಲರನ್ನೂ ಜಗಲಿಗೆ ಹತ್ತಿಸಿ, ಪೆಟ್ಟಿಗೆ ತೋರಿಸಿ, ಫ್ಯೂಸ್ ಹೋದದ್ದನ್ನು ತೋರಿಸಿ, ಮೊಬೈಲಿನ ಪುಟ್ಟ ಬಾಯಿಯಲ್ಲೇ ತೋಪಿನ ಸದ್ದನ್ನು "ಟಿಕ್, ಟಿಕ್" ಎಂದು ಕೇಳಿಸಿದೆ. ಬೈಗುಳ ಬರುತ್ತದೆ ಎಂದು ಕಾದೆ.

ಬರಲಿಲ್ಲ! ಕುಶಾಲಪ್ಪ ಮಾವ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಹುಟ್ಟಿದರೆ ಕೋವಿ, ಸತ್ತರೆ ಕೋವಿ ಎಂದು ಬದುಕಿದ ಜನ. ಢಂ ಅನ್ನುವ ವಿಷಯದಲ್ಲಿ ಇವರಿಗಿಂತ ದೊಡ್ಡ ವಿಮರ್ಶಕರು ಎಲ್ಲಿದ್ದಾರೆ?

"ನಾನು ಜೋಡಿನಳಿಗೆ ಕೋವಿ ಅಂತ ತಿಳ್ಕೊಂಡೆ," ಎಂದರು ಒಬ್ಬರು.

"ಛೆ, ಜೋಡಿನಳಿಗೆಗೆ ಇಷ್ಟು ಹೊಟ್ಟೆ ಇಲ್ಲ. ಹಳೇ ಕೇಪಿನ ಕೋವಿ ಅಂತ ನಾನಂದೆ," ಎಂದರು ಕಾಲು ಗಂಟಿನವರು.

ಕುಶಾಲಪ್ಪ ಮಾವ ತೀರ್ಪು ಕೊಟ್ಟರು. "ಅರವತ್ತು ವರ್ಷದಲ್ಲಿ ಇಷ್ಟು ಶುದ್ಧವಾದ ಸಾವಿನ ಗುಂಡು ನಾನು ಕೇಳಿಲ್ಲ. ಬಾಲ ಇಲ್ಲ, ಬಿರುಕು ಇಲ್ಲ. ನಾನು ಸತ್ತಾಗ ಇದನ್ನೇ ತಗೊಂಡು ಬಾ ಮಗಳೇ."

ಬಾಲ ಇಲ್ಲ! ಸೀಲ್ ಮಾಡಿದ ಪೆಟ್ಟಿಗೆಯ ಬಗ್ಗೆ ಇಂಟರ್ನೆಟ್ಟಿನ ಪಂಡಿತರು ನಾಲ್ಕು ಪುಟ ಬರೆದದ್ದನ್ನು ಈ ಮನುಷ್ಯ ಎರಡೇ ಪದದಲ್ಲಿ ಹೇಳಿದರು. ಕಣ್ಣಲ್ಲಿ ನೀರು ಬಂತು. ನನ್ನ ಯೋಜನೆ ಫಲಿಸಿತ್ತು! ಊರಿಗೆ ಊರೇ ಹೊಗಳುತ್ತಿತ್ತು! ಸಂಜೆ ಅತ್ತೆ ಬಂದರೆ...

ಅಂಗಳದಲ್ಲಿ ಜೀಪಿನ ಹಾರ್ನ್ ಕೇಳಿಸಿತು. ಧರ್ಮೇಶನ ಜೀಪು. ಅದರಿಂದ, ಬಿಳಿ ಸೀರೆಯಲ್ಲ, ಕೆಂಪು ಅಂಚಿನ ಹಸಿರು ಸೀರೆ ಉಟ್ಟು, ಎಲೆಯಡಿಕೆ ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ದಿವಂಗತ ಕಾವೇರಮ್ಮನವರು ಇಳಿದರು.

ನಲವತ್ತು ಜನ ಎದ್ದ ರಭಸಕ್ಕೆ ಜಗಲಿಯ ಬೆಂಚು ಹಿಂದಕ್ಕೆ ಬಿತ್ತು.

"ಕೂತ್ಕಣಿ, ಕೂತ್ಕಣಿ," ಎಂದರು ಅತ್ತೆ. "ದೀಕ್ಷಿತಾ ಸ್ನಾನಕ್ಕೆ ಹೋಗಿತ್ತು. ಅವಳ ಫೋನು ಹೊಡ್ಕೊಂಡ್ತು. ನಾನೇ ತೆಗ್ದೆ. 'ದೀಕ್ಷಿತಾ, ನಿನ್ನಮ್ಮ ತೀರಿಹೋತು ಗಡ, ಬೇಗ ಬಾ' ಅಂತ ಪೊನ್ನಮ್ಮ ಅಳ್ತುಟ್ಟು! ಸರಿ, ಸತ್ತದ್ದು ನಾನೇ ಅಲ್ವಾ, ಯಾರ್ಯಾರು ಬಂದಿದ್ದಾರೆ ನೋಡಿ ಹೋಗುವ ಅಂತ ಬಂದೆ."

ಪೊನ್ನಮ್ಮಕ್ಕ ಹಾರವನ್ನು ಮೆಲ್ಲನೆ ಬೆನ್ನ ಹಿಂದೆ ಸರಿಸಿದರು.

ಅತ್ತೆ ಜಗಲಿಯ ತುದಿಯಿಂದ ಹಾಜರಿ ತೆಗೆದುಕೊಂಡರು. ಸಿಸ್ಟರ್ ಆಗ್ನೆಸ್ ಕೂಡ ಅಷ್ಟು ಶಿಸ್ತಾಗಿ ತೆಗೆದುಕೊಂಡವರಲ್ಲ. "ನೀನು ನನ್ನ ಕಣ್ಣಿನ ಆಪರೇಶನಿಗೆ ಬರ್ಲಿಲ್ಲ, ಈಗ ಬಂದೆ. ನಿನ್ನ ಕಾಲು ಗಂಟು ವಾಸಿ ಆಯ್ತಾ? ಓ, ಕುಶಾಲಪ್ಪ! ಹತ್ತು ವರ್ಷದಿಂದ ಈ ಮೆಟ್ಟಿಲು ಹತ್ತಿರ್ಲಿಲ್ಲ ನೀನು. ನಾನು ಸಾಯೋದನ್ನೇ ಕಾಯ್ತಿದ್ಯಾ?" ಕುಶಾಲಪ್ಪ ಮಾವ ಟೋಪಿಯನ್ನು ಮತ್ತೆ ತೆಗೆದರು.

ಧರ್ಮೇಶ ಪೆಟ್ಟಿಗೆಯನ್ನು ಕಂಡು ಹತ್ತಿರ ಬಂದ. ಬಗ್ಗಿ ನೋಡಿದ. ತಟ್ಟಿ ನೋಡಿದ. "ಅಕ್ಕಾ, ಇದು ನೀವು ಮಾಡಿದ್ದಾ?" ಎಂದ. ಆ ದನಿಯಲ್ಲಿ ಧೂಳಿನ ಸುದ್ದಿಯೇ ಇರಲಿಲ್ಲ. ಗೆದ್ದೆ! ಗೆದ್ದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಆ ಮೂರ್ಖ ಮುಂದುವರಿಸಿದ. "ಅಬ್ಬಾ, ಎಂಥಾ ಹಲಸು! ಇಷ್ಟು ಹಳೇ ಮರ ಎಲ್ಲಿ ಸಿಕ್ತು?"

ಅತ್ತೆ ತಿರುಗಿದರು. ನಿಧಾನವಾಗಿ ಬಂದು ಪೆಟ್ಟಿಗೆಯನ್ನು ನೋಡಿದರು. ಒಳಕೋಣೆಗೆ ನಡೆದರು. ನಾನು ಹಿಂದೆಯೇ ಓಡಿದೆ. ನನ್ನ ಹಿಂದೆ ಪೊನ್ನಮ್ಮಕ್ಕ. ಅವರ ಹಿಂದೆ ಊರು.

ಹೂವಿನ ಬೆಡ್‌ಶೀಟ್ ಹೊದ್ದ ಪತ್ತಾಯ ಅಲ್ಲಿ ಮುಗ್ಧವಾಗಿ ನಿಂತಿತ್ತು. ಅತ್ತೆ ಎಂದಿನಂತೆ ಮೊದಲು ಎಲೆಯಡಿಕೆ ಚೀಲವನ್ನು ಅದರ ಮೇಲಿಟ್ಟರು.

ಚೀಲ ಬೆಡ್‌ಶೀಟಿನ ಸಮೇತ ಪಾತಾಳಕ್ಕಿಳಿಯಿತು. ಅಡಿಕೆ ಹೋಳುಗಳು ತಳದಲ್ಲಿ ಟಣಟಣ ಉರುಳಿದವು.

ಯಾರೂ ಉಸಿರಾಡಲಿಲ್ಲ. ನನ್ನ ಪೆಟ್ಟಿಗೆಯೊಳಗಿನ ಗಾಳಿ ಕೂಡ ಅಷ್ಟು ಬಿಗಿಯಾಗಿರಲಿಲ್ಲ.

ಅತ್ತೆ ಬಗ್ಗಿ, ಮುಂಬದಿ ಇದ್ದ ಜಾಗದಲ್ಲಿ ಗಾಳಿಯನ್ನು ಸವರಿ ನೋಡಿದರು. "ನನ್ನಪ್ಪ ಕೊಟ್ಟದ್ದು," ಎಂದರು. ಜೋರಾಗಿ ಹೇಳಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮುಚ್ಚಳ, ಮುಂಬದಿ ಅಷ್ಟೇ ಎಂದು ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಸಮಜಾಯಿಷಿಗಳೆಲ್ಲ ಒಮ್ಮೆಲೇ ಸೋರಿಹೋದವು. "ತಪ್ಪಾಯ್ತು ಅತ್ತೆ," ಎಂದೆ. ನನಗೇ ಕೇಳಿಸದಷ್ಟು ಸಣ್ಣ ಸದ್ದು.

ಹೊರಗೆ ಗಂಡನ ಸ್ಕೂಟರ್ ಬಂದು ನಿಂತಿತು. ಬಿಳಿ ಬಟ್ಟೆಯವರ ಸಾಲು ಸಾಲು ಚಪ್ಪಲಿಗಳನ್ನು ದಾಟಿ, ಎರಡು ಕಿಲೋ ಹಂದಿಯ ಚೀಲ ಹಿಡಿದು, ಬೆವರುತ್ತಾ ಅವರು ಒಳಗೆ ನುಗ್ಗಿದರು. ನನ್ನನ್ನು ನೋಡಿದರು. ಅಮ್ಮನನ್ನು ನೋಡಿದರು. ಪತ್ತಾಯವನ್ನು ನೋಡಿದರು. ಆಮೇಲೆ ನನ್ನನ್ನು ಮತ್ತೊಮ್ಮೆ, ಕೊನೆಯ ಸಲ ನೋಡುವವರ ಹಾಗೆ ನೋಡಿದರು.

ಅಷ್ಟರಲ್ಲಿ ಜನ ಒಬ್ಬೊಬ್ಬರಾಗಿ ಹೊರಡಲು ಅನುವಾದರು. "ನಾವಿನ್ನು ಬರ್ತೇವೆ ಕಾವೇರಕ್ಕ," ಎಂದರು ಕುಶಾಲಪ್ಪ ಮಾವ. "ಸಾವು ಆಗ್ಲಿಲ್ಲವಲ್ಲ, ದೇವರು ದೊಡ್ಡವನು."

"ಯಾರೂ ಹೋಗ್ಬೇಡಿ," ಎಂದರು ಅತ್ತೆ, ಸೆರಗು ಕೊಡವಿ ನೆಟ್ಟಗೆ ನಿಂತು. "ಇಷ್ಟು ಜನ ಬಿಳಿ ಉಟ್ಟು ಬಂದಿದ್ದೀರಿ. ಹಾರವೂ ಬಂದುಟ್ಟು. ಸಾವಾದದ್ದು ಹೌದು." ಕೈ ಚಾಚಿ ಪತ್ತಾಯವನ್ನು ತೋರಿಸಿದರು. "ನನ್ನ ಜತೆಗೇ ಈ ಮನೆಗೆ ಬಂದದ್ದು. ಇಲ್ಲಿ ನನಗಿಂತ ಹೆಚ್ಚು ಕೆಲಸ ಮಾಡಿದ್ದು. ಇದಕ್ಕೆ ಹನ್ನೊಂದು ದಿನ ಸೂತಕ. ಮನೆಯಲ್ಲಿ ಹಾಡಿಲ್ಲ, ಪದ ಇಲ್ಲ, ಆ ಪೆಟ್ಟಿಗೆಗೆ ಕರೆಂಟಿಲ್ಲ. ಮಾಂಸ ಮುಟ್ಟೋ ಹಾಗಿಲ್ಲ."

"ಅಮ್ಮಾ!" ಎಂದರು ಗಂಡ, ಚೀಲವನ್ನು ಎದೆಗವಚಿಕೊಂಡು. "ಎರಡು ಕಿಲೋ..."

"ಪೊನ್ನಮ್ಮನಿಗೆ ಕೊಡು. ಪಾಪ, ಅಳ್ತಾ ಬಂದುಟ್ಟು."

ಪೊನ್ನಮ್ಮಕ್ಕ ಹಾರವನ್ನು ಪತ್ತಾಯಕ್ಕೆ ಹಾಕಿ, ಕಣ್ಣೊರೆಸಿಕೊಂಡು, ಚೀಲ ತೆಗೆದುಕೊಂಡರು. ಬಂದವರೆಲ್ಲ ಸಾಲಾಗಿ ಬಂದು ಕೈ ಮುಗಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಅತ್ತೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇರುತ್ತಿರಲಿಲ್ಲ.

ಕೊನೆಯಲ್ಲಿ ಬಂದ ಕುಶಾಲಪ್ಪ ಮಾವ ಮಾತ್ರ ಪದ್ಧತಿ ಬಿಡದ ಮನುಷ್ಯ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಗಂಭೀರವಾಗಿ ಕೇಳಿದರು. "ಸಾವು ಅಂದ ಮೇಲೆ ಎರಡು ಗುಂಡು ಹೊಡೀಬೇಕಲ್ಲ ಕಾವೇರಕ್ಕ. ಮನೆಗೆ ಹೋಗಿ ಕೋವಿ ತರ್ಲಾ?"

ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಬೇಡ ಕುಶಾಲಪ್ಪ. ಕೊಂದವಳೇ ಹೊಡೆದಾಯ್ತು."